ಅತ್ತೆಯ ಕಾರಿಗೆ ಯಾವ ಎಂಜಿನ್

ನನ್ನ ಸೋದರತ್ತೆ ಕಾರು ಓಡಿಸಲು ಕಲಿತಾಗ ಅವರಿಗೆ ಮೂವತ್ತೆಂಟು ವರ್ಷ. ಸಕ್ಕರೆ ಕಾಯಿಲೆಯಿಂದ ಮಾವನ ಕಣ್ಣು ಮಂಜಾಗುತ್ತಾ ಬಂದು, ಎದುರಿಗೆ ಬರುವುದು ಲಾರಿಯೋ ಎತ್ತಿನ ಗಾಡಿಯೋ ಎಂದು ಹತ್ತಿರ ಬರುವವರೆಗೂ ಗೊತ್ತಾಗದ ಸ್ಥಿತಿ ಬಂದಾಗ, ಮನೆಯಲ್ಲಿ ಕಾರು ಮಾರುವ ಮಾತು ಎದ್ದಿತಂತೆ. "ಮಾರೋದ್ಯಾಕೆ, ನಾನೇ ಓಡಿಸ್ತೀನಿ ಬುಡಿ" ಎಂದರಂತೆ ಅತ್ತೆ. ಹೊನ್ನವಳ್ಳಿಯ ತೋಟದಲ್ಲಿ ಎರಡು ಸಾಲು ತೆಂಗಿನ ಮರಗಳ ನಡುವಿನ ಗಾಡಿ ಜಾಡಿನಲ್ಲಿ ಅವರು ಕಲಿತರು. ಪಕ್ಕದ ಸೀಟಿನಲ್ಲಿ ಮಾವ ಕೂತು, ಕಣ್ಣು ಮುಚ್ಚಿಕೊಂಡು, ಎಂಜಿನ್ನಿನ ಸದ್ದು ಕೇಳಿಯೇ "ಈಗ ಎರಡನೇ ಗೇರಿಗೆ ಹಾಕು" ಎಂದು ಹೇಳಿಕೊಡುತ್ತಿದ್ದರು. ಮೊದಲ ವಾರದಲ್ಲಿ ಒಂದು ಮರಕ್ಕೆ ಬಂಪರ್ ತಾಗಿಸಿದ್ದು ಬಿಟ್ಟರೆ ಮುಂದಿನ ಮೂವತ್ತಾರು ವರ್ಷದಲ್ಲಿ ಅವರು ಯಾವುದಕ್ಕೂ ಗುದ್ದಿದ್ದನ್ನು ನಾನು ಕೇಳಿಲ್ಲ.

ಅದು ಕೆನೆಬಣ್ಣದ ಅಂಬಾಸಿಡರ್. ಪೆಟ್ರೋಲ್ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಮಾವ ಅದನ್ನು ಒಬ್ಬ ವೈದ್ಯರಿಂದ ಕೊಂಡಿದ್ದರು. ಮಾವ ತೀರಿಕೊಂಡು ಹನ್ನೆರಡು ವರ್ಷವಾದರೂ ಅತ್ತೆ ಅದರಲ್ಲೇ ಓಡಾಡುತ್ತಾರೆ. ತಿಪಟೂರಿನ ಸಂತೆಗೆ, ತುರುವೇಕೆರೆಯ ನೆಂಟರ ಮನೆಗೆ, ನಾಮಕರಣಕ್ಕೆ, ಸಾವಿಗೆ, ಬೀದಿಯ ಯಾವ ಮನೆಯಲ್ಲಾದರೂ ಯಾರಿಗಾದರೂ ಹೆರಿಗೆ ನೋವು ಬಂದರೆ ಆಸ್ಪತ್ರೆಗೆ. ಮಗನ ಹತ್ತಿರ ಹೊಸ ಕಾರು ಇದೆ. ಅದರಲ್ಲಿ ಹೋಗಬಾರದೇ ಎಂದರೆ, "ಅದ್ರಲ್ಲಿ ಕೂತ್ರೆ ಟಿ.ವಿ. ಮುಂದೆ ಕೂತಂಗಾಯ್ತದೆ ಕಣಪ್ಪ, ನಾನು ಓಡಿಸ್ತಾ ಇದೀನಿ ಅಂತ ಅನ್ಸೋದೇ ಇಲ್ಲ" ಎನ್ನುತ್ತಾರೆ.

ನಾನು ತುರುವೇಕೆರೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಪೆಟ್ರೋಲ್ ಎಂಜಿನ್ನಿನ ನಾಲ್ಕು ಹಂತಗಳ ಚಿತ್ರ ಬರೆಯುತ್ತೇನೆ. ಬಾಣದ ಗುರುತು ಹಾಕಿ, ಪಿಸ್ಟನ್ ಕೆಳಗೆ ಹೋಯಿತು, ಮೇಲೆ ಬಂತು, ಕಿಡಿ ಹಾರಿತು, ಹೊಗೆ ಹೊರಗೆ ಹೋಯಿತು ಎಂದು ವಿವರಿಸುತ್ತೇನೆ. ಇಪ್ಪತ್ತೈದು ವರ್ಷ ಹೀಗೆ ಪಾಠ ಮಾಡಿದ ನಾನು ಬಿಚ್ಚಿಟ್ಟ ಎಂಜಿನ್ ಒಂದನ್ನು ಕಣ್ಣಾರೆ ನೋಡಿದ್ದು ಹೋದ ವರ್ಷವೇ.

ಚಿಕ್ಕನಾಯಕನಹಳ್ಳಿಯ ಆಚೆ ನೆಂಟರೊಬ್ಬರ ಮನೆಯ ಗೃಹಪ್ರವೇಶ ಮುಗಿಸಿ ಅತ್ತೆಯೂ ನಾನೂ ವಾಪಸು ಬರುತ್ತಿದ್ದೆವು. ಮಧ್ಯಾಹ್ನದ ಬಿಸಿಲು. ಗುಡ್ಡದ ಏರಿನಲ್ಲಿ ಕಾರು ಉಸಿರು ಬಿಡಲು ಕಷ್ಟಪಡುವವರಂತೆ ಎಳೆಯತೊಡಗಿತು. ಅತ್ತೆ ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಗೇರು ಇಳಿಸಿದರು. ಹಿಂದೆ ಬರುತ್ತಿದ್ದ ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಅಮ್ಮೋ, ಹಿಂದ್ಗಡೆ ಬರೀ ನೀಲಿ ಹೊಗೆ ಬತ್ತೈತೆ!" ಎಂದು ಕೂಗಿ ಹೋದ. ಅತ್ತೆ ಹುಣಸೆ ಮರದ ನೆರಳಿಗೆ ಕಾರು ಸರಿಸಿ ನಿಲ್ಲಿಸಿದರು. ನಾನು ಇಳಿದವನೇ ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೋದೆ.

"ಲೇ, ಮುಟ್ಟಬ್ಯಾಡ ಕಣ್ಲಾ! ಮುಖ ಸುಟ್ಟೋಯ್ತದೆ. ವಿಜ್ಞಾನದ ಮೇಷ್ಟ್ರಂತೆ!"

ಅರ್ಧ ಗಂಟೆಗೂ ಹೆಚ್ಚು ಕಾದೆವು. ತಾಂಬೂಲದ ಚೀಲದಲ್ಲಿದ್ದ ಬಾಳೆಹಣ್ಣು ತಿಂದೆವು. ಆಮೇಲೆ ಅತ್ತೆ ನೀರು ತುಂಬಿಸಿ, ಆಯಿಲಿನ ಕಡ್ಡಿ ಎಳೆದು ನೋಡಿ, ಡಿಕ್ಕಿಯಲ್ಲಿ ಸದಾ ಇಟ್ಟುಕೊಂಡಿರುವ ಡಬ್ಬದಿಂದ ಆಯಿಲ್ ಸುರಿದು, ನಡೆದುಕೊಂಡು ಹೋಗುವವರಿಗಿಂತ ಸ್ವಲ್ಪ ಜೋರಾಗಿ ಓಡಿಸಿಕೊಂಡು ತಿಪಟೂರಿಗೆ ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದರು. 

ಗ್ಯಾರೇಜಿನ ಮೆಕ್ಯಾನಿಕ್ಕಿಗೆ ಐವತ್ತರ ಆಸುಪಾಸು. ಅವನ ತಂದೆಯೂ ಇದೇ ಕಾರನ್ನು ರಿಪೇರಿ ಮಾಡುತ್ತಿದ್ದವರು. ಕಡಿಮೆ ಮಾತಿನ ಮನುಷ್ಯ. ಅವನು ಒಂದೊಂದಾಗಿ ಪ್ಲಗ್ಗು ಬಿಚ್ಚಿ, ಆ ತೂತಿಗೆ ಒತ್ತಡ ಅಳೆಯುವ ಮೀಟರು ಸಿಕ್ಕಿಸಿ, ಅತ್ತೆಗೆ ಸೆಲ್ಫ್ ಹೊಡೆಯಲು ಹೇಳಿದ. ಮೊದಲ ಎರಡು ಸಿಲಿಂಡರಿನಲ್ಲಿ ಮುಳ್ಳು ಒಂದು ಮಟ್ಟಕ್ಕೆ ಏರಿ ನಿಂತಿತು. ಮೂರನೆಯದರಲ್ಲಿ ಅದರ ಅರ್ಧಕ್ಕೂ ಬರಲಿಲ್ಲ. ಆ ತೂತಿನೊಳಗೆ ಒಂದು ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ನೋಡಿದ. ಈಗ ಮುಳ್ಳು ಮೇಲೇರಿತು.

"ರಿಂಗು ಹೋಗೈತೆ ಅಮ್ಮ. ವಾಲ್ವಾಗಿದ್ರೆ ಆಯಿಲ್ ಬುಟ್ರೂ ಏರ್ತಿರ್ಲಿಲ್ಲ," ಎಂದ.

ಅಷ್ಟು ಸರಳವಾದ ಪರೀಕ್ಷೆ. ಪಿಸ್ಟನ್ನಿನ ಸುತ್ತ ಬಿಗಿಯಾಗಿ ಕೂರುವ ರಿಂಗಿನ ಸಂದಿಯಲ್ಲಿ ಆಯಿಲ್ ತುಂಬಿಕೊಂಡು ಗಾಳಿ ಸೋರುವುದನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಅದರಿಂದ ರೋಗ ಎಲ್ಲಿದೆ ಎಂದು ಎಂಜಿನ್ ಬಿಚ್ಚದೆಯೇ ಗೊತ್ತಾಗುತ್ತದೆ. ನನ್ನ ಪ್ರಯೋಗಾಲಯದಲ್ಲಿ ಇಷ್ಟು ಚೊಕ್ಕವಾದ ಪ್ರಯೋಗವನ್ನು ನಾನು ಒಮ್ಮೆಯೂ ಮಾಡಿ ತೋರಿಸಿಲ್ಲ ಅನ್ನಿಸಿತು.

ಮೆಕ್ಯಾನಿಕ್ ಕೈ ಒರೆಸಿಕೊಂಡು ಎರಡು ದಾರಿ ಹೇಳಿದ. ಒಂದು, ಈ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸುವುದು. ಗುದ್ದಿಸಿಕೊಂಡು ಮೂಲೆಗೆ ಬಿದ್ದಿರುವ ಹೊಸ ಗಾಡಿಯದು ಸಿಗುತ್ತದೆ, ಐದು ಗೇರು ಬರುತ್ತದೆ, ಗುಡ್ಡವನ್ನು ಆಡಾಡುತ್ತಾ ಹತ್ತುತ್ತದೆ. ಆರ್‌ಸಿಯಲ್ಲಿ ಎಂಜಿನ್ ನಂಬರ್ ತಿದ್ದಿಸಬೇಕಾಗುತ್ತದೆ. ಇನ್ನೊಂದು, ಇದೇ ಎಂಜಿನ್ನನ್ನು ಬೋರ್ ಮಾಡಿಸಿ, ಅಂದರೆ ಸಿಲಿಂಡರುಗಳನ್ನು ಕೊರೆದು ಅಗಲ ಮಾಡಿಸಿ, ದೊಡ್ಡ ಅಳತೆಯ ಪಿಸ್ಟನ್ ಹಾಕಿ, ಈಗಿನ ಪೆಟ್ರೋಲಿಗೆ ಒಗ್ಗುವಂತೆ ಗಟ್ಟಿ ವಾಲ್ವ್ ಸೀಟು, ಹೊಸ ರಬ್ಬರ್ ಪೈಪು ಕೊಟ್ಟು ಮೇಲಕ್ಕೆತ್ತುವುದು.

"ಬೋರ್ ಹಾಕ್ಸಬೇಕು ಅನ್ನು. ನೀರು ಎಷ್ಟಡಿಗೆ ಸಿಕ್ತದೆ?" ಎಂದರು ಅತ್ತೆ. ನಮ್ಮ ಕಡೆ ಬೋರ್ ಎಂದರೆ ಕೊಳವೆಬಾವಿ ತಾನೇ. ಮೆಕ್ಯಾನಿಕ್ ಅವತ್ತು ನಕ್ಕಿದ್ದು ಅದೊಂದೇ ಸಲ.

ನಾನು ತಡೆಯಲಾರದೆ ಬಾಯಿ ಹಾಕಿದೆ. ಮಾವ ಕಿವಿಗೊಟ್ಟು ಕೇಳುತ್ತಿದ್ದ ಎಂಜಿನ್ನನ್ನು ಕಿತ್ತು ಹಾಕುವುದೇ? ಒಳಗಿನದೇ ಬದಲಾದ ಮೇಲೆ ಕಾರು ಅದೇ ಕಾರಾಗಿ ಉಳಿಯುತ್ತದೆಯೇ? ಸಾಕಷ್ಟು ಉದ್ದವಾಗಿಯೇ ಮಾತಾಡಿದೆ ಎಂದು ಕಾಣುತ್ತದೆ. ಅತ್ತೆ ಕೊನೆಯವರೆಗೂ ಕೇಳಿ, "ನೀನು ಓಡ್ಸಲ್ಲ ಕಣಪ್ಪ, ಪಕ್ಕದಲ್ಲಿ ಕೂತ್ಕೊತೀಯ. ಓಡ್ಸೋಳು ನಾನು. ಏರಿನಲ್ಲಿ ನಿಂತ್ರೆ ನಿನ್ನ ಮಾವ ಬಂದು ತಳ್ತಾನಾ?" ಎಂದರು. ಅವರ ಮನಸ್ಸು ಡೀಸೆಲ್ ಕಡೆಗೇ ವಾಲಿತ್ತು.

ಮೆಕ್ಯಾನಿಕ್ ಮಾತ್ರ ಯಾವ ಕಡೆಗೂ ವಾಲಲಿಲ್ಲ. "ಸುಮ್ನೆ ನಾನು ಹೇಳಿದ್ರೆ ಆಗಲ್ಲಮ್ಮ. ದಂಡಿನಶಿವರದಲ್ಲಿ ಒಬ್ರಿಗೆ ನಾನೇ ಡೀಸೆಲ್ ಕೂರಿಸಿಕೊಟ್ಟಿದೀನಿ. ಹೋಗಿ ಒಂದ್ಸಲ ಓಡಿಸಿ ನೋಡಿ. ಆಮೇಲೆ ಹೇಳಿ," ಎಂದ. ತಾನು ಮಾಡಿದ ಕೆಲಸವನ್ನು ಹೀಗೆ ಪರೀಕ್ಷೆಗೆ ಒಡ್ಡುವವರು ಎಷ್ಟು ಜನ ಇದ್ದಾರು?

ಮುಂದಿನ ಭಾನುವಾರ ನನ್ನ ಬೈಕಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ದಂಡಿನಶಿವರಕ್ಕೆ ಹೋದೆ. ಕಾರಿನ ಯಜಮಾನರು ತೆಂಗಿನ ಬೆಳೆಗಾರರು, ಅತ್ತೆಗಿಂತ ಹತ್ತು ವರ್ಷ ಚಿಕ್ಕವರು. ಅವರದೂ ಅದೇ ಕಾಲದ ಅಂಬಾಸಿಡರ್, ಹಸಿರು ಬಣ್ಣದ್ದು. ನಾವು ಬಂದ ಕಾರಣ ಹೇಳಿದ ಕೂಡಲೇ ಒಳಗೆ ಹೋಗಿ ಕೀಲಿ ತಂದು ಅತ್ತೆಯ ಕೈಗಿಟ್ಟು, ತಾವು ಹಿಂದಿನ ಸೀಟಿನಲ್ಲಿ ಕೂತರು.

ಅತ್ತೆ ಊರಾಚೆಯ ರಸ್ತೆಯಲ್ಲಿ ಹೋಗಿ ಬಂದರು. ಕೆರೆ ಏರಿಯ ಮೇಲೆ ಹತ್ತಿಸಿದರು, ಇಳಿಸಿದರು, ತಿರುವಿನಲ್ಲಿ ಒಂದೇ ಕಡೆ ಎರಡು ಸಲ ತಿರುಗಿಸಿದರು. ಕಾರು ಹುರುಪಿನಿಂದ ಓಡಿತು. ನಿಂತಾಗ ಮಾತ್ರ ಬಾಗಿಲಿನ ಗಾಜು, ಕನ್ನಡಿ, ನನ್ನ ಹಲ್ಲು ಎಲ್ಲವೂ ಒಟ್ಟಿಗೆ ನಡುಗುತ್ತಿದ್ದವು.

"ಏನನ್ನಿಸ್ತು ಅಕ್ಕಾ?" ಎಂದು ಕಾರಿನ ಯಜಮಾನರು ಕೇಳಿದರು.

"ಎಳೆಯೋದು ಭಾರಿ ಚೆನ್ನಾಗೈತೆ ಕಣಪ್ಪ. ಆದ್ರೆ ಮುಂಭಾರ. ತಿರುಗಿಸೋವಾಗ ಮೂಗು ಒಂದು ಕಡೆ ಹೋಯ್ತದೆ, ನಾವು ಒಂದು ಕಡೆ ಹೋಯ್ತೀವಿ."

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಹೌದಕ್ಕ, ಎಂಜಿನ್ ಕೂರೋ ಜಾಗದಲ್ಲಿ ಎರಡು ಸಲ ವೆಲ್ಡಿಂಗ್ ಮಾಡಿಸಿದೀನಿ. ನಾನು ದಿನಾ ಅರಸೀಕೆರೆಗೆ ಹೋಗಿ ಬರೋನು, ನನಗೆ ಡೀಸೆಲ್ಲೇ ಸರಿ. ನೀವು ಎಲ್ಲಿಗೆ ಹೋಗ್ತೀರಿ, ಎಷ್ಟು ಹೋಗ್ತೀರಿ ಅನ್ನೋದು ನೋಡ್ಕೊಳಿ," ಎಂದರು. ಎಳನೀರು ಕೊಟ್ಟು ಕಳಿಸಿದರು. ಬೈಕಿನಲ್ಲಿ ಅತ್ತೆ ಹಿಂದಿನಿಂದ, "ಒಳ್ಳೇ ಮನುಷ್ಯ. ಇದ್ದಿದ್ದು ಇದ್ದಂಗೆ ಹೇಳ್ದ," ಎಂದು ಎರಡು ಸಲ ಹೇಳಿದರು. ತೀರ್ಮಾನ ಏನೆಂದು ಹೇಳಲಿಲ್ಲ. ಮೊದಲು ಎಂಜಿನ್ ಬಿಚ್ಚಿ ನೋಡಲಿ ಎಂದಷ್ಟೇ ಮೆಕ್ಯಾನಿಕ್ಕಿಗೆ ಫೋನು ಮಾಡಿದರು.

ಬಿಚ್ಚಿದ ದಿನ ನಾನು ಶಾಲೆ ಮುಗಿಸಿ ನೇರ ಗ್ಯಾರೇಜಿಗೆ ಹೋದೆ. ಗೋಣಿಚೀಲದ ಮೇಲೆ ನಾಲ್ಕು ಪಿಸ್ಟನ್, ಎಂಟು ವಾಲ್ವ್, ಅವುಗಳ ಸ್ಪ್ರಿಂಗು, ಬೋಲ್ಟು, ನಟ್ಟು, ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟಿದ್ದ. ಮಧ್ಯದಲ್ಲಿ ಎರಕದ ಕಬ್ಬಿಣದ ಬ್ಲಾಕು, ಅದರಲ್ಲಿ ನಾಲ್ಕು ದುಂಡನೆಯ ಬಾವಿಗಳು. ನಾನು ಬಗ್ಗಿ ಒಂದರೊಳಗೆ ಕೈ ಇಳಿಸಿದೆ. ಕನ್ನಡಿಯಂತೆ ನುಣುಪು. ಒಂದು ನಿಮಿಷಕ್ಕೆ ಸಾವಿರಾರು ಸಲ ಪಿಸ್ಟನ್ ಏರಿ ಇಳಿದು, ಎಷ್ಟೋ ವರ್ಷ ಉಜ್ಜಿದ ಜಾಗ. ಕಪ್ಪು ಹಲಗೆಯ ಮೇಲೆ ನಾನು ಎರಡು ಗೆರೆ ಎಳೆದು ಸಿಲಿಂಡರ್ ಎನ್ನುತ್ತಿದ್ದದ್ದು ಇದನ್ನು! ಕೈ ತೆಗೆಯಲು ಮನಸ್ಸೇ ಬರಲಿಲ್ಲ.

ಮೂರನೆಯದರಲ್ಲಿ ಕೈ ಇಳಿಸಿದಾಗ ಬೆರಳಿಗೆ ಆಳವಾದ ಗೀರು ಸಿಕ್ಕಿತು. ರಿಂಗು ತುಂಡಾಗಿ ಗೋಡೆಯನ್ನು ಗೀರಿತ್ತು. ಅದಕ್ಕಿಂತ ಕೆಟ್ಟ ಸುದ್ದಿ ಪಿಸ್ಟನ್ನಿನ ತಲೆಯ ಮೇಲೆ ಒತ್ತಿದ ಅಂಕಿಯಲ್ಲಿತ್ತು. ಹಿಂದೆಯೇ ಯಾರೋ ಇದನ್ನು ಕೊನೆಯ ಅಳತೆಯವರೆಗೆ ಕೊರೆಸಿದ್ದರು. ಇನ್ನು ದೊಡ್ಡ ಪಿಸ್ಟನ್ನೇ ಇಲ್ಲ.

"ಹಂಗಾದ್ರೆ?" ಎಂದರು ಅತ್ತೆ.

"ಸ್ಲೀವ್ ಹಾಕಬೇಕಮ್ಮ. ಬಾವಿಗೆ ಸಿಮೆಂಟ್ ರಿಂಗು ಇಳಿಸಿದಂಗೆ, ನಾಲ್ಕಕ್ಕೂ ಒಳಗಿಂದ ಹೊಸ ಗೋಡೆ ಕೂರಿಸೋದು. ಆದ್ರೆ ಅದು ಕೂರಬೇಕು ಅಂದ್ರೆ ಇದನ್ನ ಇನ್ನೂ ಕೊರೀಬೇಕು. ಗೋಡೆ ಮೊದ್ಲೇ ತೆಳ್ಳಗಾಗೈತೆ. ಆಚೆ ಕಡೆ ನೀರಿನ ಜಾಗ. ಅಲ್ಲಿಗೆ ತೂತು ಬಿತ್ತು ಅಂದ್ರೆ ಬ್ಲಾಕು ಗುಜರಿಗೆ."

ನಾನು ತಣ್ಣಗಾದೆ. ಅಲ್ಲಿಯವರೆಗೆ ಹಳೆಯ ಎಂಜಿನ್ ಉಳಿಯಲಿ ಎಂದು ಅಷ್ಟೆಲ್ಲ ಮಾತಾಡಿದವನು, ಆ ಗೀರಿನ ಮೇಲೆ ಬೆರಳಾಡಿಸುತ್ತಲೇ, "ಅತ್ತೆ, ಇಷ್ಟು ಮಾಡಿಯೂ ಕೆಟ್ಟರೆ ಸುಮ್ಮನೆ ಶ್ರಮ. ಡೀಸೆಲ್ಲೇ ಹಾಕಿಸಿಬಿಡೋಣ," ಎಂದೆ.

ಅತ್ತೆ ನನ್ನ ಕಡೆ ನೋಡಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಬ್ಲಾಕಿನ ಎದುರು ಕೂತು ಮೆಕ್ಯಾನಿಕ್ಕನ್ನು ಕೇಳತೊಡಗಿದರು.

"ಡೀಸೆಲ್ ಕೂರ್ಸೋಕೆ ಏನೇನು ಕೊಯ್ಯಬೇಕು?"

"ಮುಂದಿನ ಅಡ್ಡಪಟ್ಟಿ ಕೊಯ್ದು ಬೇರೆ ಮಾಡ್ಬೇಕು. ಗೇರ್ ಲಿವರಿಗೆ ಕೆಳಗೆ ತೂತು ಹೊಡೀಬೇಕು. ರೇಡಿಯೇಟರ್ ಮುಂದಕ್ಕೆ ತಳ್ಳಬೇಕು."

"ಒಂದ್ಸಲ ಕೊಯ್ದ ಮೇಲೆ ಇದು ವಾಪಸ್ ಕೂರಲ್ಲ ತಾನೆ?"

"ಇಲ್ಲಮ್ಮ."

"ಈಗ ಇದನ್ನ ಕೊರೀವಾಗ ಒಡೆದೋದ್ರೆ, ಆಗ ಡೀಸೆಲ್ ಹಾಕೋಕಾಗ್ತದೋ ಇಲ್ವೋ?"

"ಯಾವಾಗ ಬೇಕಾದ್ರೂ ಹಾಕಬಹುದು."

"ಮತ್ತೆ ಮೊದ್ಲು ಇದನ್ನೇ ನೋಡಾನ. ಇದು ಆಗ್ಲಿಲ್ಲ ಅಂದ್ರೆ ಅದು ಐತಲ್ಲ," ಎಂದರು. ಆಮೇಲೆ, "ನಿನ್ನ ಕಾರೇ ಆಗಿದ್ರೆ ಏನು ಮಾಡ್ತಿದ್ದೆ?" ಎಂದು ಕೇಳಿದರು.

ಮೆಕ್ಯಾನಿಕ್ ಯೋಚಿಸಿ ಹೇಳಿದ. "ನನ್ನದಾಗಿದ್ರೆ ಹಟಕ್ಕೆ ಬಿದ್ದು ನಾನೇ ಕೊರೆಯೋಕೆ ಹೋಗಿ ಕೆಡಿಸ್ತಿದ್ದೆ. ನಿಮ್ಮದು ಅಂತ ಲೇತ್ ಯಜಮಾನ್ರ ಹತ್ರ ಒಯ್ತೀನಿ."

ನನ್ನದು ಬರೀ ಭಾವುಕತೆ, ಎದುರಿಗೆ ಕಷ್ಟ ಬಂದ ತಕ್ಷಣ ಕರಗಿಹೋಯಿತು. ಅತ್ತೆ ಎಂಜಿನ್ನಿನ ಬಗ್ಗೆ ಒಂದು ಮೆಚ್ಚುಗೆಯ ಮಾತೂ ಆಡಿರಲಿಲ್ಲ. ಆದರೂ ಅದಕ್ಕೆ ಬೇಕಾಗಿದ್ದ ಅವಕಾಶವನ್ನು ಅವರೇ ಕೊಟ್ಟರು. ಎಪ್ಪತ್ನಾಲ್ಕು ವರ್ಷದ ಹೆಂಗಸು, ಹತ್ತನೇ ತರಗತಿಯನ್ನೂ ಮುಟ್ಟದವರು, ಎರಡು ದಾರಿಗಳಲ್ಲಿ ಯಾವುದರಿಂದ ಹಿಂದಕ್ಕೆ ಬರಬಹುದು ಎಂಬುದನ್ನು ಮೂರೇ ಪ್ರಶ್ನೆಯಲ್ಲಿ ಬಿಡಿಸಿಟ್ಟಿದ್ದರು.

ಲೇತ್ ಯಜಮಾನರು ಎಂದರೆ ತಿಪಟೂರಿನಲ್ಲಿ ಪಂಪ್‌ಸೆಟ್ಟು, ಟ್ರ್ಯಾಕ್ಟರುಗಳ ಎಂಜಿನ್ ಕೊರೆಯುತ್ತಾ ಕೂದಲು ಬಿಳಿ ಮಾಡಿಕೊಂಡವರು. ಬ್ಲಾಕನ್ನು ಮೇಜಿನ ಮೇಲೆ ಇಟ್ಟ ಮೇಲೆ ಮೊದಲ ದಿನ ಅವರು ಯಂತ್ರವನ್ನು ಮುಟ್ಟಲೇ ಇಲ್ಲ. ಒಂದೊಂದು ಬಾವಿಯನ್ನೂ ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆದು ಸೀಮೆಸುಣ್ಣದಲ್ಲಿ ಬ್ಲಾಕಿನ ಮೇಲೆಯೇ ಬರೆದುಕೊಂಡರು. ಸಣ್ಣ ಸುತ್ತಿಗೆಯಿಂದ ಹೊರಗೋಡೆಯನ್ನು ತಟ್ಟಿ ಕೇಳಿದರು. "ದಿನಕ್ಕೆ ಒಂದು," ಎಂದರು. ನಾಲ್ಕು ದಿನ, ದಿನಕ್ಕೊಂದು ಬಾವಿ. ಕೂದಲೆಳೆಯಷ್ಟೇ ಕೊರೆದು ನಿಲ್ಲಿಸುವುದು, ಅಳೆಯುವುದು, ಬ್ಲಾಕು ತಣ್ಣಗಾಗುವವರೆಗೆ ಕಾಯುವುದು, ಮತ್ತೆ ಕೊರೆಯುವುದು. ನಾನು ದಿನಾ ಸಂಜೆ ಹೋಗಿ ನಿಲ್ಲುತ್ತಿದ್ದೆ. ಅವರು ಒಂದು ಸಲವೂ ಅವಸರ ಮಾಡಿದ್ದನ್ನು ನೋಡಲಿಲ್ಲ. ಮೂರನೆಯ ಬಾವಿಯ ದಿನ ಮೆಕ್ಯಾನಿಕ್ ಬಾಗಿಲ ಹೊರಗೇ ನಿಂತಿದ್ದ, ಒಳಗೆ ಬರಲಿಲ್ಲ. ಯಂತ್ರ ನಿಂತು, ಯಜಮಾನರು ಟಾರ್ಚು ಬಿಟ್ಟು ನೋಡಿ, "ಬಾರಪ್ಪ, ಏನೂ ಆಗಿಲ್ಲ," ಎಂದ ಮೇಲೆಯೇ ಬಂದ.

ಸ್ಲೀವ್ ಕೂರಿಸಿದ್ದು ಶನಿವಾರ ಮಧ್ಯಾಹ್ನ. ಯಜಮಾನರು ನನಗೂ ಒಂದು ಕೆಲಸ ಕೊಟ್ಟರು: ಜ್ಯೂಸ್ ಅಂಗಡಿಯಿಂದ ಐಸ್ ಗಡ್ಡೆ ತರುವುದು. ನಾಲ್ಕೂ ಸ್ಲೀವನ್ನು ಐಸಿನಲ್ಲಿ ಹೂತಿಟ್ಟರು. ಇನ್ನೊಂದು ಕಡೆ ಬ್ಲಾಕನ್ನು ಕಾಯಿಸಿದರು. ಶಾಲೆಯಲ್ಲಿ ನಾನು ಲೋಹದ ಗುಂಡನ್ನು ಕಾಯಿಸಿ, ಉಂಗುರದೊಳಗೆ ಅದು ತೂರುವುದಿಲ್ಲ ನೋಡಿ ಎಂದು ತೋರಿಸುವ ಪಾಠವೇ ಇದು. ಇಲ್ಲಿ ಉಂಗುರವನ್ನೇ ಕಾಯಿಸಿ ಹಿಗ್ಗಿಸಿ, ಗುಂಡನ್ನು ತಣಿಸಿ ಕುಗ್ಗಿಸಿದ್ದರು. ಬಟ್ಟೆಯಲ್ಲಿ ಹಿಡಿದು ನೀರೊರೆಸಿ, ಯಜಮಾನರು ಮೊದಲ ಸ್ಲೀವನ್ನು ಬಾವಿಯ ಬಾಯಿಗೆ ಇಟ್ಟು ಕೈ ಬಿಟ್ಟರು. ಅದು ತನ್ನಷ್ಟಕ್ಕೆ ಜಾರಿ ಇಳಿದು, ತಳ ಮುಟ್ಟಿ 'ಟಣ್' ಎಂದಿತು. ಎರಡು ಉಸಿರು ಬಿಡುವಷ್ಟರಲ್ಲಿ ಎರಡೂ ಒಂದೇ ಬಿಸಿಗೆ ಬಂದು ಒಂದನ್ನೊಂದು ಕಚ್ಚಿಕೊಂಡವು. ಇನ್ನು ಸುತ್ತಿಗೆಯಿಂದ ಹೊಡೆದರೂ ಕದಲುವುದಿಲ್ಲ. ನಾನು ಬಾಯಿ ತೆರೆದುಕೊಂಡು ನಿಂತಿದ್ದೆನೆಂದು ಕಾಣುತ್ತದೆ. ಅತ್ತೆ, "ಮುಚ್ಕೊಳೋ, ನೊಣ ಹೋಯ್ತದೆ," ಎಂದರು. ಆದರೆ ಉಳಿದ ಮೂರು ಇಳಿಯುವಾಗ ಅವರೂ ಸ್ಟೂಲು ಬಿಟ್ಟು ಎದ್ದು ನಿಂತಿದ್ದರು.

ಎಂಜಿನ್ ಉಳಿಯಿತು ಎಂದ ಮಾತ್ರಕ್ಕೆ ಅತ್ತೆ ಹಳೆಯದನ್ನೆಲ್ಲ ಉಳಿಸಲು ಒಪ್ಪಲಿಲ್ಲ. ಪ್ಲಗ್ಗಿಗೆ ಕಿಡಿ ಕೊಡುವ, ಮಳೆಗಾಲದಲ್ಲಿ ಕೈಕೊಡುತ್ತಿದ್ದ ಹಳೆಯ ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಮಾಡಿಸಿದರು. ಬ್ಯಾಟರಿ ಚಾರ್ಜಿಗೆ ಡೈನಮೋ ಬದಲು ಆಲ್ಟರ್ನೇಟರ್, ರೇಡಿಯೇಟರಿಗೆ ಕರೆಂಟಿನ ಫ್ಯಾನು. "ಇವೆಲ್ಲ ಮೊದಲಿನ ಥರಾನೇ ಇರಬೇಕಿತ್ತು," ಎಂದು ನಾನು ಗೊಣಗಿದೆ. "ನಿನ್ನ ಮೂಗಿನ ಮೇಲಿರೋ ಕನ್ನಡಕ ಹುಟ್ಟಿದಾಗ್ಲಿಂದ ಇತ್ತೇನ್ಲಾ?" ಎಂದರು. ಮೆಕ್ಯಾನಿಕ್ ತಲೆ ಬಗ್ಗಿಸಿಕೊಂಡು ಬೋಲ್ಟು ಬಿಗಿಯುತ್ತಿದ್ದ. ಅವನ ಭುಜ ಅಲುಗುತ್ತಿತ್ತು.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ ನಾಲ್ಕೈದು ಸಲ ಕೆಮ್ಮಿ, ಆಮೇಲೆ ಹಿಡಿದುಕೊಂಡಿತು. ನೀಲಿ ಹೊಗೆ ಸ್ವಲ್ಪ ಬಂತು, ನಿಂತಿತು. ಮೆಕ್ಯಾನಿಕ್ ಕಾರ್ಬುರೇಟರಿನ ಸ್ಕ್ರೂವನ್ನು ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ತಿರುಗಿಸುತ್ತಾ ಹೋದಂತೆ ಸದ್ದು ನುಣ್ಣಗಾಯಿತು. ಅವನು ನೀರು ತುಂಬಿದ ಸ್ಟೀಲ್ ಲೋಟವೊಂದನ್ನು ಎಂಜಿನ್ನಿನ ಮೇಲಿನ ಮುಚ್ಚಳದ ಮೇಲಿಟ್ಟ. ನೀರು ನಡುಗಿತು, ಚೆಲ್ಲಲಿಲ್ಲ. ಲೇತ್ ಯಜಮಾನರೂ ಬಂದಿದ್ದರು. ಅವರು ಲೋಟ ಎತ್ತಿಕೊಂಡು ಆ ನೀರು ಕುಡಿದು, ತಮ್ಮ ಅಂಗಡಿಗೆ ಹೊರಟುಹೋದರು.

ಹೊಸ ಪಿಸ್ಟನ್ನು ಹೊಸ ಗೋಡೆಗೆ ಹೊಂದಿಕೊಳ್ಳುವವರೆಗೆ ಮೆಲ್ಲಗೆ ಓಡಿಸಬೇಕು ಎಂದು ಮೆಕ್ಯಾನಿಕ್ ಹೇಳಿದ್ದ. ನಲವತ್ತು ದಾಟಬಾರದು, ಭಾರ ಹೇರಬಾರದು. ಅತ್ತೆ ಆ ಮಾತನ್ನು ಡಾಕ್ಟರ ಚೀಟಿಯಂತೆ ಪಾಲಿಸಿದರು. ಸುಮಾರು ಎರಡು ತಿಂಗಳು ಹೊನ್ನವಳ್ಳಿ ರಸ್ತೆಯಲ್ಲಿ ಬಸ್ಸು, ಕಾಯಿ ತುಂಬಿದ ಲಾರಿ, ಟ್ರ್ಯಾಕ್ಟರು, ಕೊನೆಗೆ ಹುಲ್ಲಿನ ಹೊರೆ ಕಟ್ಟಿದ ಮೊಪೆಡ್ಡುಗಳೂ ಅವರನ್ನು ಹಿಂದಿಕ್ಕಿ ಹೋದವು. ಹಾರ್ನ್ ಹೊಡೆದವರಿಗೆಲ್ಲ ಅತ್ತೆ ಕಿಟಕಿಯಿಂದ ಕೈ ಹೊರಹಾಕಿ, ಮುಂದೆ ಹೋಗಿ ಎಂದು ಸನ್ನೆ ಮಾಡಿದರು. ಅರಳಗುಪ್ಪೆಗೆ ಮದುವೆಗೆಂದು ಹೊರಟ ದಿನ ಮನೆಯವರೆಲ್ಲ ಹೊಸ ಕಾರಿನಲ್ಲಿ ಹೋದರೆ, ಅತ್ತೆಯೂ ನಾನೂ ಒಂದು ಗಂಟೆ ಮೊದಲೇ ಹೊರಟು ಅವರಿಗಿಂತ ತಡವಾಗಿ ಮುಟ್ಟಿದೆವು. ಧಾರೆ ಮುಗಿದಿತ್ತು. ಊಟ ಸಿಕ್ಕಿತು.

ಎರಡು ತಿಂಗಳಾದ ಮೇಲೆ ಆಯಿಲ್ ಬದಲಿಸಲು ಹೋದಾಗ ಮೆಕ್ಯಾನಿಕ್ ಹಳೆಯ ಆಯಿಲನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿ ತಲೆಯಾಡಿಸಿದ. ಅತ್ತೆ ಕಾರಿನಿಂದ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಈ ವಾಲ್ವಿನ ಸಂದಿ ಸರಿ ಮಾಡ್ತೀಯಲ್ಲ, ಅದನ್ನ ನನಗೆ ಹೇಳ್ಕೊಡು," ಎಂದರು.

"ನಿಮಗ್ಯಾಕಮ್ಮ? ನಾನಿಲ್ವಾ?"

"ನೀನಿರ್ತೀಯ ಬುಡು. ನನಗೂ ಗೊತ್ತಿರ್ಲಿ."

ಅವನು ತೆಳ್ಳನೆಯ ಉಕ್ಕಿನ ಪಟ್ಟಿಯೊಂದನ್ನು ಅವರ ಕೈಗೆ ಕೊಟ್ಟ. ಸಂದಿಯಲ್ಲಿ ತೂರಿಸಿ ಎಳೆದಾಗ ಸಡಿಲವೂ ಆಗಬಾರದು, ಬಿಗಿಯೂ ಆಗಬಾರದು, ಸ್ವಲ್ಪ ಹಿಡಿದಂತಿರಬೇಕು ಎಂದು ತೋರಿಸಿದ. ಎಂಟು ವಾಲ್ವುಗಳಲ್ಲಿ ಮೊದಲ ಎರಡನ್ನು ಅವನು ಮಾಡಿದ, ಉಳಿದ ಆರನ್ನು ಅತ್ತೆ. ಪ್ರತಿಯೊಂದಕ್ಕೂ ಕಣ್ಣು ಕಿರಿದು ಮಾಡಿ, ಪಟ್ಟಿಯನ್ನು ಎಳೆದು, ತಳ್ಳಿ, ಮತ್ತೆ ಎಳೆದು ನೋಡಿದರು. ಮೆಕ್ಯಾನಿಕ್ ಆರನ್ನೂ ಪರೀಕ್ಷಿಸಿ ಒಂದನ್ನು ಮಾತ್ರ ಚೂರು ತಿದ್ದಿದ. ಆ ಒಂದು ಯಾಕೆ ತಪ್ಪಿತೆಂದು ಅವರು ಅವನನ್ನು ಕಾಲು ಗಂಟೆ ಬಿಡಲಿಲ್ಲ.